ಗದ್ದೆಪ್ಪನ ಹೆಬ್ಬೆಟ್ಟು

ಮಾನ್ವಿಯ ಜಹೀರುದ್ದೀನನಿಗೆ ಬಸ್ಸು ಎಂದರೆ ಆಗುತ್ತಿರಲಿಲ್ಲ. ಮನೆ ಮುಂದೆ ಕಾರು ಇಟ್ಟುಕೊಂಡವನು ಬಸ್ಸಿನಲ್ಲಿ ಯಾರದೋ ಮೊಣಕೈ ತಿವಿಸಿಕೊಳ್ಳುತ್ತ ಯಾಕೆ ಹೋಗಬೇಕು ಎಂಬುದು ಅವನ ವಾದ. ಕಾರೇನೂ ಹೊಸದಲ್ಲ. ರಾಯಚೂರಿನ ಡಾಕ್ಟರೊಬ್ಬರು ಒಂಬತ್ತು ವರ್ಷ ಓಡಿಸಿ ಮಾರಿದ ಬಿಳಿ ಅಂಬಾಸಡರ್. ಅದನ್ನು ಟ್ಯಾಕ್ಸಿ ಮಾಡಿಸಿ ಮದುವೆ, ಹೆರಿಗೆ, ಕೋರ್ಟು, ದವಾಖಾನೆ ಎಂದು ಬಾಡಿಗೆಗೆ ಓಡಿಸುತ್ತಿದ್ದ. ಬೆಳಿಗ್ಗೆ ಎದ್ದ ಕೂಡಲೇ, ಚಹಾಕ್ಕೂ ಮೊದಲು, ಹಳೇ ಬನಿಯನ್ ತೊಯ್ಸಿ ಅದನ್ನು ಒರೆಸುತ್ತಿದ್ದ.

"ನಿಮ್ಮ ನಿಕಾಹ್ ಆಗಿದ್ದು ನನ್ನ ಜೋಡಿನೋ ಅದರ ಜೋಡಿನೋ?" ಎಂದು ಹೆಂಡತಿ ಅನ್ವರಿ ಬೇಗಂ ಕೇಳುತ್ತಿದ್ದಳು.

"ನಿನ್ನ ಜೋಡಿನೇ. ಆದರ ಅದು ಎದುರು ಮಾತಾಡೂದಿಲ್ಲ ನೋಡು" ಎನ್ನುತ್ತಿದ್ದ ಜಹೀರುದ್ದೀನ್.

ಎಪ್ಪತ್ತೊಂಬತ್ತರ ಜನವರಿಯ ಒಂದು ಮಧ್ಯಾಹ್ನ ಅವನು ಪೋತ್ನಾಳಕ್ಕೆ ಮದುವೆ ಮಂದಿಯನ್ನು ಬಿಟ್ಟು ಒಬ್ಬನೇ ಮಾನ್ವಿಗೆ ಮರಳುತ್ತಿದ್ದ. ಬಿರಿಯಾನಿ ಗಡದ್ದಾಗಿತ್ತು, ರಸ್ತೆ ಖಾಲಿಯಿತ್ತು. ಒಂದು ತಿರುವಿನಲ್ಲಿ ಜಾಲಿ ಪೊದೆಯೊಳಗಿಂದ ಕುರಿಗಳು ರಸ್ತೆಗೆ ಇಳಿದವು. ಒಂದಲ್ಲ, ಎರಡಲ್ಲ, ಯಾರೋ ಚೀಲ ಬಿಚ್ಚಿ ಸುರಿದಂತೆ. ಜಹೀರುದ್ದೀನ್ ಬಾಯಿಗೆ ಬಂದದ್ದು ಬೈಯುತ್ತ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದ. ಕಾರು ರಸ್ತೆ ಬಿಟ್ಟು ಇಳಿದು ಬೇವಿನ ಮರಕ್ಕೆ ಮುಖ ಕೊಟ್ಟು ನಿಂತಿತು.

ಕಣ್ಣು ಬಿಟ್ಟಾಗ ಅವನು ಮರದ ಬುಡದಲ್ಲಿ ಮಲಗಿದ್ದ. ಹಣೆಯಿಂದ ರಕ್ತ ಸೋರುತ್ತಿತ್ತು. ಕಂಬಳಿ ಹೊದ್ದ ಐವತ್ತರ ಆಸುಪಾಸಿನ ಮನುಷ್ಯನೊಬ್ಬ ತನ್ನ ಕೆಂಪು ರುಮಾಲು ಬಿಚ್ಚಿ ಅವನ ತಲೆಗೆ ಸುತ್ತುತ್ತಿದ್ದ.

"ಕುರಿ?" ಎಂದ ಜಹೀರುದ್ದೀನ್.

"ಒಂದಕ್ಕೂ ಏನಾಗಿಲ್ರಿ ಯಪ್ಪಾ. ನೀವು ಉಳದ್ರಲ್ಲ, ಸಾಕು."

"ಯಾವೂರು ನಿಂದು? ಹೆಸರೇನು?"

"ಅರಕೇರಾ ಕಡಿಯಾಂವರಿ. ಗದ್ದೆಪ್ಪ ಅಂತಾರ."

ಅಷ್ಟರಲ್ಲಿ ಗದ್ದೆಗಳಿಂದ ಜನ ಓಡಿ ಬಂದರು. ಯಾರೋ, "ಪೊಲೀಸರಿಗೆ ಹೇಳಿ ಕಳಿಸ್ರಿ, ಕಾರಂದ್ರ ಸಣ್ಣ ಮಾತಲ್ಲ" ಎಂದರು. ಜಹೀರುದ್ದೀನ್ ನೀರು ಕುಡಿದು ತಲೆ ಎತ್ತುವಷ್ಟರಲ್ಲಿ ಗದ್ದೆಪ್ಪನೂ ಇರಲಿಲ್ಲ, ಕುರಿಗಳೂ ಇರಲಿಲ್ಲ. ಐದು ಗಂಟೆಗೆ ಬಂದ ಜಮಾದಾರರು ಪಂಚನಾಮೆ ಬರೆದರು. ಮರ ಒಂದು, ಕಾರು ಒಂದು, ಒಡೆದ ದೀಪ ಎರಡು ಎಂದು ಬರೆದು, ಕೊನೆಗೆ ಪ್ರಾಮಾಣಿಕವಾಗಿ, "ಸ್ಥಳದಲ್ಲಿ ಕುರಿಗಳು ಕಂಡುಬಂದಿಲ್ಲ" ಎಂದೂ ಸೇರಿಸಿದರು. ಆ ಒಂದು ಸಾಲು ಮುಂದೆ ಏನು ಮಾಡಲಿದೆಯೆಂದು ಅಂದು ಯಾರಿಗೂ ಹೊಳೆಯಲಿಲ್ಲ.

ಜಹೀರುದ್ದೀನ್ ಹೆಚ್ಚು ಎದೆಗುಂದಲಿಲ್ಲ. ವರ್ಷ ತಪ್ಪದೆ ವಿಮೆ ಕಟ್ಟಿದ್ದ. "ಇನ್ಸೂರೆನ್ಸ್ ಅದ. ತಿಂಗಳಾಗೂದ್ರಾಗ ರಿಪೇರಿ ಆಗಿ ಬರತದ" ಎಂದು ಹೆಂಡತಿಗೆ ಹೇಳಿ, ತಲೆಗೆ ಪಟ್ಟಿ ಕಟ್ಟಿಕೊಂಡೇ ರಾಯಚೂರಿಗೆ ಹೋದ. ಬಸ್ಸಿನಲ್ಲಿ. ಬೇರೆ ದಾರಿಯಿರಲಿಲ್ಲ.

ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಮಹಡಿಯ ಮೇಲೆ ವಿಮಾ ಕಚೇರಿ. ಅಲ್ಲಿ ಹನುಮಂತ್ರಾಯ ಎಂಬ ಗುಮಾಸ್ತರು. ನಶ್ಯ ಏರಿಸುವ, ಮೆಲ್ಲಗೆ ಮಾತಾಡುವ ಮನುಷ್ಯ. ಅರ್ಜಿ ತೆಗೆದುಕೊಂಡು, "ಸರ್ವೇಯರ್ ಬಳ್ಳಾರಿಯಿಂದ ಬರಬೇಕ್ರಿ ಸಾಬ್ರೇ. ಅವರು ಬಂದು ನೋಡೂತನಕ ಗಾಡಿ ಅಲ್ಲಿಂದ ಅಲಗಾಡಬಾರದು. ಒಂದು ಬೋಲ್ಟೂ ಬಿಚ್ಚಬ್ಯಾಡ್ರಿ" ಎಂದರು.

"ಯಾವಾಗ ಬರ್ತಾರ್ರಿ?"

"ಬರ್ತಾರ" ಎಂದರು ಹನುಮಂತ್ರಾಯರು. ಬರುವುದರ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ.

ಕಾರು ಐವತ್ತೆರಡು ದಿನ ಆ ಬೇವಿನ ಮರದ ಕೆಳಗೆ ನಿಂತಿತು. ಜಹೀರುದ್ದೀನ್ ದಿನವೂ ಹೋಗಿ ಅದರ ಪಕ್ಕ ಕೂರುತ್ತಿದ್ದ. ಬಸ್ಸಿಗೆ ಕಾಯುವವರು ಬಿಸಿಲಾದರೆ ಹಿಂದಿನ ಸೀಟಿನಲ್ಲಿ ಕೂರತೊಡಗಿದರು. ಅವನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಒಬ್ಬನೇ ಕೂರುವುದಕ್ಕಿಂತ ಮಾತಿಗೆ ಯಾರಾದರೂ ಇರಲಿ ಎನಿಸಿತು. ಒಬ್ಬ ಬಾಣಂತಿ ಅಲ್ಲಿ ಕೂತು ಕೂಸಿಗೆ ಹಾಲು ಕುಡಿಸಿ, ಇಳಿಯುವಾಗ, "ಎಷ್ಟು ಕೊಡಬೇಕಪಾ?" ಎಂದು ಕೇಳಿದ್ದಳು.

ಮಾರ್ಚಿನಲ್ಲಿ ಸರ್ವೇಯರ್ ಬಂದರು, ಹತ್ತು ನಿಮಿಷ ಸುತ್ತು ಹಾಕಿ ಬರೆದುಕೊಂಡರು, ಎಳನೀರು ಕುಡಿದು ಹೋದರು. ಅಂದೇ ಪೋತ್ನಾಳದ ಕನಕಪ್ಪ ಎಂಬ ರೈತ ತನ್ನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಕಾರನ್ನು ಮಾನ್ವಿಯವರೆಗೆ ಎಳೆದು ತಂದುಕೊಟ್ಟ. ದಾರಿಯಲ್ಲೇ, "ನಿನ್ನ ಗಾಡಿ ಆಗೂತನ ನನ್ನ ಟ್ರ್ಯಾಕ್ಟರ್ ಹೊಡಿ" ಎಂದು ಕೆಲಸವನ್ನೂ ಕೊಟ್ಟ. ಗೇರಿನ ಮೇಲೆ ಕೈಯಿಟ್ಟರೆ ಸಾಕು, ಜಹೀರುದ್ದೀನನಿಗೆ ಜೀವಕ್ಕೆ ಹಾಯೆನಿಸುತ್ತಿತ್ತು. ಒಪ್ಪಿಕೊಂಡ.

ಏಪ್ರಿಲ್ ಹೋಯಿತು, ಮೇ ಹೋಯಿತು. ಜೂನಿನಲ್ಲಿ ಇಂಗ್ಲಿಷಿನಲ್ಲಿ ಒಂದು ಪತ್ರ ಬಂತು. ಸಾಲಿ ಮಾಸ್ತರರಿಂದ ಓದಿಸಿದ. ಅರ್ಜಿಯಲ್ಲಿ ಕುರಿ ಇವೆ, ಪಂಚನಾಮೆಯಲ್ಲಿ ಕುರಿ ಇಲ್ಲ, ಆದ್ದರಿಂದ ಫೈಲು ತಡೆಹಿಡಿಯಲಾಗಿದೆ ಎಂಬುದು ಅದರ ಸಾರಾಂಶ. ಅವನು ಮರುದಿನವೇ ಬಸ್ಸು ಹತ್ತಿದ. ಸೀಟು ಸಿಗದೆ ರಾಯಚೂರಿನವರೆಗೂ ನಿಂತು ಹೋದ.

"ಗುಲ್ಬರ್ಗಾ ಆಫೀಸಿನವರು ಕೇಳ್ಯಾರ್ರಿ" ಎಂದರು ಹನುಮಂತ್ರಾಯರು. "ಕುರಿ ಇದ್ದಿದ್ದು ಖರೇನೋ, ಇಲ್ಲಾ ನೀವು ತೂಕಡಿಸಿ ಗಿಡಕ್ಕ ಬಡದೀರೋ ಅಂತ."

"ತೂಕಡಿಸೂದು? ನಾನು? ಹದಿನೆಂಟು ವರ್ಷ ಆತ್ರಿ ಸ್ಟೇರಿಂಗ್ ಹಿಡದು!"

"ನನಗ ಗೊತ್ತು ಸಾಬ್ರೇ. ಗುಲ್ಬರ್ಗಾಕ್ಕ ಗೊತ್ತಿಲ್ಲ. ಆ ಕುರಿಯವನ್ನ ಕರಕೊಂಡು ಬರ್ರಿ. ಅವನ ಹೇಳಿಕೆ ಬೇಕು, ಅದರ ಕೆಳಗ ಅವನ ಹೆಬ್ಬೆಟ್ಟು ಬೇಕು. ಅಷ್ಟಾದ್ರ ಫೈಲು ತಾನ ಓಡತದ."

"ಅವನ್ನ ಎಲ್ಲಿ ಅಂತ ಹುಡುಕಲ್ರಿ?"

ಹನುಮಂತ್ರಾಯರು ನಶ್ಯದ ಡಬ್ಬಿಯ ಮೇಲೆ ಬೆರಳಾಡಿಸುತ್ತ ನಿಜವಾಗಿಯೂ ಯೋಚಿಸಿದರು. "ಕುರಿ ಎಲ್ಲಿ ಅದಾವೋ ಅಲ್ಲಿ" ಎಂದರು.

ಮನೆಗೆ ಬಂದು ಹೇಳಿದಾಗ ಅನ್ವರಿ ಬೇಗಂ ಪೆಟ್ಟಿಗೆಯಿಂದ ಕೆಂಪು ರುಮಾಲನ್ನು ತೆಗೆದಳು. ರಕ್ತದ ಕಲೆ ಹೋಗುವವರೆಗೆ ಮೂರು ಸಲ ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದಳು. "ಸಿಟ್ಟು ನಕ್ಕೋ ಜೀ, ಸಿಟ್ಟಾಗಬ್ಯಾಡ್ರಿ" ಎಂದಳು. "ಹೆಂಗೂ ಇದನ್ನ ಕೊಡಾಕ ಅವನ್ನ ಹುಡುಕಬೇಕಾಗಿತ್ತು. ತಲಿ ಮ್ಯಾಲಿಂದು ಬಿಚ್ಚಿ ಕಟ್ಯಾನ ಪಾಪ."

ಹಾಗೆ ಶುರುವಾಯಿತು ಹುಡುಕಾಟ. ಟ್ರ್ಯಾಕ್ಟರ್ ಕೆಲಸವಿಲ್ಲದ ದಿನ ನೋಡಿ ದೇವದುರ್ಗದ ಕಡೆಗೆ ಬಸ್ಸು ಹತ್ತುತ್ತಿದ್ದ. ಮೊದಲು ಅರಕೇರಾಕ್ಕೆ ಹೋದ. ಗದ್ದೆಪ್ಪನ ಮನೆಗೆ ಬೀಗ. ಪಕ್ಕದ ಮನೆಯ ಮಾರೆಪ್ಪ ಎಂಬ ಮುದುಕ ಅವನ ಕೈಯಲ್ಲಿದ್ದ ಕಾಗದಪತ್ರದ ಚೀಲವನ್ನೇ ನೋಡುತ್ತ, "ಅಂವ ವರ್ಷಕ್ಕ ಎರಡು ಸಲ ಮನಿ ಕಾಣ್ತಾನ್ರಿ. ಹೊಳಿ ಕಡಿ ಹೋಗ್ಯಾನ" ಎಂದ. ಹೊಳೆ ಎಂದರೆ ಕೃಷ್ಣೆ. ಅದರ ದಂಡೆ ಹಿಡಿದು ಊರೂರು ಕೇಳುತ್ತ ನಡೆದ. "ನಿನ್ನಿತನಾ ಇದ್ದನಲ್ರಿ" ಎಂದರು ಒಂದೂರಿನಲ್ಲಿ. "ಮೊನ್ನಿ ನಮ್ಮ ಹೊಲದಾಗ ಕುರಿ ನಿಲ್ಲಿಸಿದ್ದ, ಒಳ್ಳೆ ಗೊಬ್ಬರ ಆತು" ಎಂದರು ಇನ್ನೊಂದೂರಿನಲ್ಲಿ. ಎಲ್ಲಿ ಹೋದರೂ ಕುರಿಗಳ ಹಿಕ್ಕೆ ಇತ್ತು, ಕುರಿಗಳಿರಲಿಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಜಹೀರುದ್ದೀನ್ ಹಿಕ್ಕೆ ಮುಟ್ಟಿ ನೋಡಿ, "ಇದು ಮೂರು ದಿನದ್ದು" ಎಂದು ಹೇಳುವಷ್ಟು ಪಳಗಿದ. ಬಸ್ಸಿನ ಮೇಲಿನ ಸಿಟ್ಟೂ ಯಾವಾಗಲೋ ಇಳಿದುಹೋಗಿತ್ತು. ಕಂಡಕ್ಟರುಗಳು, "ಏನ್ ಸಾಬ್ರೇ, ಸಿಕ್ಕನೇನು ನಿಮ್ಮ ಗದ್ದೆಪ್ಪ?" ಎಂದು ಕೇಳಿ ಸೀಟು ತೋರಿಸುತ್ತಿದ್ದರು. ಪಕ್ಕ ಕೂತವರು ಏನೆಂದು ವಿಚಾರಿಸುತ್ತಿದ್ದರು. ಅವನು ಮೊದಲಿಂದ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಕಥೆ ರುಚಿಗಟ್ಟಿತು, ಮರಕ್ಕೆ ಕಾರು ಬಡಿಯುವ ಜಾಗದಲ್ಲಿ ಜನ ಹೋ ಎನ್ನುವಂತಾಯಿತು. ಕೆಲವರು ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟರು. ಒಬ್ಬ ಯಜಮಾನ ಬರೀ ಆ ಕಥೆ ಮುಗಿಯುವವರೆಗೆ ಕೇಳಬೇಕೆಂದು ತನ್ನೂರು ಬಿಟ್ಟು ಮುಂದಿನ ಊರಿನಲ್ಲಿ ಇಳಿದ.

ಆದರೂ ಒಂದು ವಿಷಯ ಅವನಿಗೆ ಬಗೆಹರಿಯಲಿಲ್ಲ. ಕುರಿ ಕಾಯುವವನು ಒಂದು ಹೊಲದಲ್ಲಿ ವಾರವಾದರೂ ನಿಲ್ಲುತ್ತಾನೆ. ಈ ಮನುಷ್ಯ ಮಾತ್ರ ತಾನು ಹೋಗುವ ಮುನ್ನಾದಿನವೇ ಎದ್ದು ಹೋಗಿರುತ್ತಾನಲ್ಲ, ಅದು ಹೇಗೆ?

ಅಕ್ಟೋಬರಿನಲ್ಲಿ ಒಂದು ದಿನ ಗಬ್ಬೂರಿನ ಬಸ್ ನಿಲ್ದಾಣದ ಬಳಿಯ ಹೋಟೆಲಿನ ಮುಂದೆ ಚಹಾ ಕುಡಿಯುತ್ತ ಕೂತಿದ್ದ. ಹೆಗಲ ಮೇಲೆ ಕಂಬಳಿ, ಕೈತುಂಬ ಬೆಳ್ಳಿ ಕಡಗ ತೊಟ್ಟ ಹೆಣ್ಣುಮಗಳೊಬ್ಬಳು ಬಂದು ಎದುರಿನ ಕಲ್ಲಿನ ಮೇಲೆ ಕೂತಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರನ್ನೋ ಹುಡುಕಾಕತ್ತೀರಂತಲ್ಲ?"

"ಹೌದವ್ವ. ಗದ್ದೆಪ್ಪ ಅಂತ."

"ಅಂವ ಏನು ಮಾಡ್ಯಾನ?"

"ನನ್ನ ಜೀವ ಉಳಿಸ್ಯಾನ" ಎಂದ ಜಹೀರುದ್ದೀನ್.

ಆ ಹೆಣ್ಣುಮಗಳು ಆ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಅವನು ಚೀಲದಿಂದ ಕೆಂಪು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ಇದು ಅವಂದು. ನನ್ನ ತಲಿಗೆ ಕಟ್ಟಿ, ನಾನು ಶುಕ್ರಿಯಾ ಹೇಳೂದ್ರಾಗ ಹೋಗಿಬಿಟ್ಟ. ನನ್ನ ಹೆಂಡತಿ ತೊಳದು ಕೊಟ್ಟಾಳ."

ಅವಳು ಕೈ ಚಾಚಿ ರುಮಾಲನ್ನು ತೆಗೆದುಕೊಂಡು, ಮಡಿಕೆ ಬಿಚ್ಚಿ, ಅಂಚಿನಲ್ಲಿದ್ದ ಕಪ್ಪು ದಾರದ ಹೊಲಿಗೆಯನ್ನು ಬೆರಳಿಂದ ಸವರಿದಳು. "ಈ ಹೊಲಿಗಿ ನಂದ" ಎಂದಳು. ಆಮೇಲೆ ನಗಲು ಶುರುಮಾಡಿದಳು. ಕಡಗಗಳು ಗಲಗಲ ಎನ್ನುವಂತೆ, ಕಂಬಳಿ ಜಾರುವಂತೆ ನಕ್ಕಳು. "ಯಪ್ಪಾ, ನಾಕು ತಿಂಗಳಿಂದ ನಿನ್ನ ಮುಂದ ಮುಂದ ಓಡಾಕತ್ತೀವಲ್ಲೋ! ಒಂದು ಕಡಿ ಕುಂತು ರೊಟ್ಟಿ ತಿಂದಿಲ್ಲ. ನಾನು ಬಂಡೆಮ್ಮ. ಅವನ ಹೇಣ್ತಿ. ಎಷ್ಟು ದಿನ ಅಂತ ಓಡೂದು, ಆ ಸಾಬ ಏನು ಕಡೀತಾನ, ಕೇಳೇ ಬಿಡ್ತೀನಿ ಅಂತ ಬಂದೀನಿ."

ಆಗಿದ್ದು ಇಷ್ಟು. ಮಾರೆಪ್ಪ ಹೊಳೆ ದಂಡೆಗೆ ಸುದ್ದಿ ಮುಟ್ಟಿಸಿದ್ದ: ಕಾರಿನ ಸಾಬ ಸರ್ಕಾರಿ ಕಾಗದ ಹಿಡಿದುಕೊಂಡು ಬಂದಾನ, ಕಾರಿನ ಖರ್ಚು ನಿನ್ನ ತಲೆಗೆ ಕಟ್ತಾನ ಎಂದು. ಒಂದು ಕಾರೆಂದರೆ ಒಂದು ಹಿಂಡು ಕುರಿ ಎಂದು ಲೆಕ್ಕ ಹಾಕಿದ ಗದ್ದೆಪ್ಪ ಅಂದಿನಿಂದ ಓಟ ಕಿತ್ತಿದ್ದ. ಸಾಬ ಯಾವ ಕಡೆ ಬಂದನೆಂಬ ಸುದ್ದಿ ಸಾಬನಿಗಿಂತ ಮೊದಲೇ ಊರಿಂದ ಊರಿಗೆ ಮುಟ್ಟುತ್ತಿತ್ತು.

ಬಂಡೆಮ್ಮ ಜಹೀರುದ್ದೀನನನ್ನು ಹೊಲಗಳ ಬದುವಿನ ಮೇಲೆ ಒಂದು ಗಂಟೆ ನಡೆಸಿಕೊಂಡು ಹೋದಳು. ಕೊನೆಗೊಂದು ಬೀಳು ಹೊಲದಲ್ಲಿ ಆ ಕುರಿಗಳು ಕಂಡವು. ಒಂಬತ್ತು ತಿಂಗಳ ಮೇಲೆ ಅವನ್ನು ನೋಡಿದ ಜಹೀರುದ್ದೀನನಿಗೆ ವಿಚಿತ್ರ ಸಂತೋಷವಾಯಿತು. ಗದ್ದೆಪ್ಪ ದೂರದಿಂದಲೇ ಅವನನ್ನು ಗುರುತಿಸಿ ಎದ್ದು ನಿಂತ. ಓಡಲಿಲ್ಲ. ಹಿಂಡಿನಿಂದ ದೊಡ್ಡದೊಂದು ಟಗರನ್ನು ಕೊಂಬು ಹಿಡಿದು ಎಳೆದುಕೊಂಡು ಬಂದು ಮುಂದೆ ನಿಲ್ಲಿಸಿದ.

"ತಪ್ಪಾತ್ರಿ ಸಾಬ್ರೇ. ಇದನ್ನ ತಗೊಂಡು ಬಿಟ್ಟುಬಿಡ್ರಿ. ನನ್ನ ಕಡಿ ಕಾರಿನಷ್ಟು ಇಲ್ಲ."

"ಟಗರು ಬ್ಯಾಡಪಾ ನನಗ. ನಿನ್ನ ಹೆಬ್ಬೆಟ್ಟು ಬೇಕು, ಅಷ್ಟ."

ಗದ್ದೆಪ್ಪ ಥಟ್ಟನೆ ಎರಡೂ ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡ. "ಹೆಬ್ಬೆಟ್ಟು ಕೊಟ್ಟು ಬದುಕು ಹ್ಯಾಂಗ ಮಾಡಲ್ರಿ?"

ಬಂಡೆಮ್ಮ ಹಣೆ ಚಚ್ಚಿಕೊಂಡಳು. "ಕೊಯ್ಯೂದಲ್ಲೋ ಹುಚ್ಚಪ್ಪ! ಶಾಯಿ ಹಚ್ಚಿ ಕಾಗದದ ಮ್ಯಾಲ ಒತ್ತೂದು!"

ಕುರಿ ಹಾಲಿನ ಚಹಾ ಆಯಿತು. ಗದ್ದೆಪ್ಪನಿಗೆ ಎಲ್ಲವನ್ನೂ ಎರಡು ಸಲ ಬಿಡಿಸಿ ಹೇಳಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ: "ಹಂಗಾರ ನನ್ನ ಕುರಿ ಇದ್ದುವು ಅಂತ ನಾನ ಹೇಳಬೇಕು. ಅದರಾಗ ಸುಳ್ಳೇನಿಲ್ಲಲ್ಲ?" ಇಲ್ಲವೆಂದಾಗ ನಿರಾಳವಾಗಿ ರುಮಾಲು ಸುತ್ತಿಕೊಂಡ. ಒಂಬತ್ತು ತಿಂಗಳಿಂದ ಬರೀ ತಲೆಯಲ್ಲಿದ್ದನಂತೆ.

ಆ ವಾರವೇ ಬಂಡೆಮ್ಮನಿಗೆ ಕುರಿ ಒಪ್ಪಿಸಿ ಇಬ್ಬರೂ ರಾಯಚೂರಿಗೆ ಹೋದರು. ದೊಡ್ಡ ಸಾಹೇಬರು ಮೈಸೂರು ಕಡೆಯ ಎಳೆಯ ಅಧಿಕಾರಿ, ಹೊಸದಾಗಿ ಬಂದಿದ್ದರು. ಟೈಪಿಸ್ಟನ ಮಗ್ಗುಲಲ್ಲಿ ಹನುಮಂತ್ರಾಯರು ಲೇಖನಿ ಹಿಡಿದು ಕೂತರು. ಗದ್ದೆಪ್ಪನಿಗೆ ಕುರ್ಚಿ ಕೊಟ್ಟರೂ ಅವನು ಅದರ ಅಂಚಿಗೆ ತಾಗಿಯೂ ತಾಗದಂತೆ ಕೂತ.

"ಅಂದು ಎಷ್ಟು ಕುರಿಗಳಿದ್ದವು?" ಎಂದರು ಸಾಹೇಬರು.

"ನೂರಾ ನಲವತ್ತೊಂದ್ರಿ. ಒಂದು ಕುಂಟತಿತ್ತು. ಅದರ ಸಲುವಾಗೇ ತಡಾ ಆತು, ಇಲ್ಲಂದ್ರ ಕಾರು ಬರೂದ್ರಾಗ ರಸ್ತಾ ದಾಟತಿದ್ವಿ."

"ಕಾರು ಓಡಿಸುತ್ತಿದ್ದವರು ಇವರೇ ತಾನೆ?"

"ಇವರರಿ. ಒಳಗಿಂದ ಎಳದು ಮಲಗಿಸಿದಾಂವ ನಾನ."

ಸಾಹೇಬರು ಕನ್ನಡಕ ಸರಿಪಡಿಸಿಕೊಂಡರು. "ಈಗ ಮುಖ್ಯ ಪ್ರಶ್ನೆ. ಯೋಚಿಸಿ ಹೇಳಿ. ಚಾಲಕರು ನಿದ್ದೆಯ ಮಂಪರಿನಲ್ಲಿದ್ದರೇ?"

"ನಿದ್ದ್ಯಾಗ ಇದ್ದಾಂವ ಹಂಗ ಬೈತಾನೇನ್ರಿ?" ಎಂದ ಗದ್ದೆಪ್ಪ.

"ಬೈದರೇ? ಯಾರನ್ನು?"

"ಮೊದಲ ಕುರಿಗೆ ಬೈದ್ರು. ಆಮ್ಯಾಲ ನನಗ ಬೈದ್ರು. ಆಮ್ಯಾಲ ನಮ್ಮಪ್ಪಗ. ನಮ್ಮಜ್ಜನ ಕಡಿ ಹೊಂಟಿದ್ರು, ಅಷ್ಟ್ರಾಗ ಗಿಡ ಬಂತು."

ಟೈಪ್ ಯಂತ್ರ ನಿಂತಿತು. ಸಾಹೇಬರು ಕೆಳತುಟಿ ಕಚ್ಚಿ, "ಏನೆಂದು ಬೈದರು?" ಎಂದರು. ಕೇಳುವ ಅಗತ್ಯವಿತ್ತೋ ಇಲ್ಲವೋ.

ಗದ್ದೆಪ್ಪ ಅಪ್ಪಣೆ ಕೇಳುವಂತೆ ಜಹೀರುದ್ದೀನನ ಮುಖ ನೋಡಿದ. ಜಹೀರುದ್ದೀನ್ ನೆಲ ನೋಡಿದ. ಗದ್ದೆಪ್ಪ ಎದ್ದು ನಿಂತು, ಸ್ಟೇರಿಂಗ್ ಹಿಡಿದವನಂತೆ ಕೈ ಚಾಚಿ, ಆ ಮಾತುಗಳನ್ನು ಒಂದೂ ಬಿಡದೆ, ಅದೇ ದಖನಿ ಉರ್ದುವಿನಲ್ಲಿ, ಅದೇ ಏರುದನಿಯಲ್ಲಿ ಒಪ್ಪಿಸಿದ. ಪಕ್ಕದ ಕೋಣೆಯಿಂದ ಇಬ್ಬರು ಇಣುಕಿ ನೋಡಿದರು. ಹನುಮಂತ್ರಾಯರಿಗೆ ಅಷ್ಟು ವರ್ಷದ ನಶ್ಯವೆಲ್ಲ ಒಮ್ಮೆಗೇ ಏರಿದಂತೆ ಐದಾರು ಸೀನು ಬಂದವು.

ಸಾಹೇಬರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಗಂಭೀರವಾಗಿ, "ಬರೆದುಕೊಳ್ಳಿ" ಎಂದರು. "ಅಪಘಾತದ ವೇಳೆ ಚಾಲಕರು ಪೂರ್ಣ ಎಚ್ಚರದಲ್ಲಿದ್ದರು."

ಗದ್ದೆಪ್ಪ ಹೆಬ್ಬೆಟ್ಟು ಒತ್ತಿದ. ಗಟ್ಟಿಯಾಗಿ, ಕಾಗದ ಮೇಜಿಗೆ ಅಂಟುವ ಹಾಗೆ. ಹೊರಗೆ ಬಂದ ಮೇಲೆ ಜಹೀರುದ್ದೀನ್, "ನಿಮ್ಮಪ್ಪಗ ಬೈದಿದ್ದು ನನಗ ಖಬರೇ ಇಲ್ಲಪಾ. ಮಾಫ್ ಮಾಡು" ಎಂದ. "ಇರ್ಲಿ ಬಿಡ್ರಿ, ನಮ್ಮಪ್ಪ ಇದ್ದಿದ್ರ ಅಂವನೂ ಕುರಿಗೆ ಹಂಗ ಬೈತಿದ್ದ" ಎಂದ ಗದ್ದೆಪ್ಪ. ಇಬ್ಬರೂ ಖಾನಾವಳಿಯಲ್ಲಿ ಊಟ ಮಾಡಿ ಬೇರೆ ಬೇರೆ ಬಸ್ಸು ಹತ್ತಿದರು.

ಫೈಲು ಅಂದೇ ಓಡಲಿಲ್ಲ. ರಿಪೇರಿ ಅಂದಾಜನ್ನು ಮೂರು ಪ್ರತಿಯಲ್ಲಿ ಕೇಳಿದರು. ಆಮೇಲೆ ಲೈಸನ್ಸಿನ ನಕಲು ಕೇಳಿದರು. ಎಂಬತ್ತರ ಫೆಬ್ರವರಿಯಲ್ಲಿ ಚೆಕ್ಕು ಬಂತು. ಅದರಲ್ಲಿ ಅವನ ಹೆಸರನ್ನು ಜಾಹೆದಾ ಎಂದು ಟೈಪು ಮಾಡಿದ್ದರು. ಒಂದು ವರ್ಷದ ಹಿಂದಿನ ಜಹೀರುದ್ದೀನ್ ಆಗಿದ್ದರೆ ಕಚೇರಿಯ ಮೆಟ್ಟಿಲ ಮೇಲೆಯೇ ಕೂಗಾಡುತ್ತಿದ್ದ. ಈಗ, "ಹಳೇ ಹೆಸರು ಸವದಿತ್ತು, ಇದೂ ಚಲೋ ಅದ, ಆದರ ಬ್ಯಾಂಕಿನವರು ಬುರ್ಖಾ ಎಲ್ಲಿ ಅಂತ ಕೇಳ್ತಾರಲ್ರಿ" ಎಂದು ಹನುಮಂತ್ರಾಯರ ಮೇಜಿನ ಮೇಲೆ ಇಟ್ಟ. ಅವರು ನಾಚಿ, ಬೇರೆ ಚೆಕ್ಕನ್ನು ತಾವೇ ಗುಲ್ಬರ್ಗಾಕ್ಕೆ ಹೋಗಿ ತಂದುಕೊಟ್ಟರು. ಹದಿನಾಲ್ಕು ತಿಂಗಳು ಹನ್ನೊಂದು ದಿನಕ್ಕೆ ವಿಮೆ ಇತ್ಯರ್ಥವಾಯಿತು. ಏಪ್ರಿಲ್ ಮೊದಲ ವಾರ ಅಂಬಾಸಡರ್ ಹೊಸ ಮೂತಿ ಹೊತ್ತು ರಾಯಚೂರಿನ ಗ್ಯಾರೇಜಿನಿಂದ ಹೊರಬಂತು.

ಇಷ್ಟು ದಿನ ಕಾರಿಲ್ಲದೆ ಗಿರಾಕಿಗಳೆಲ್ಲ ಬೇರೆಯವರ ಪಾಲಾಗಿರುತ್ತಾರೆ ಎಂಬುದೊಂದೇ ಅವನ ಚಿಂತೆಯಾಗಿತ್ತು. ಮಾನ್ವಿಯ ಮಟ್ಟಿಗೆ ಅದು ನಿಜವೂ ಆಗಿತ್ತು. ಆದರೆ ಕಾರು ಬಂದ ನಾಲ್ಕನೇ ದಿನ ಗಬ್ಬೂರಿನಿಂದ ಒಬ್ಬ ಬಂದ. "ಕುರಿಯವನ್ನ ಹುಡುಕತಿದ್ದ ಸಾಬ್ರ ಮನಿ ಇದ ಏನ್ರಿ? ನಮ್ಮ ತಂಗಿ ಮದುವಿ ಅದ, ಕಾರು ಬೇಕಾಗಿತ್ತು" ಎಂದ. ಮರುದಿನ ಹೊಳೆ ದಂಡೆಯ ಊರಿನವರು ಬಂದರು. ದೇವದುರ್ಗದ ಕಂಡಕ್ಟರೊಬ್ಬ ತನ್ನ ಅಳಿಯನಿಗೆ ಹೇಳಿ ಕಳಿಸಿದ. ಆ ಬೇಸಿಗೆಯಲ್ಲಿ ಜಹೀರುದ್ದೀನ್ ಹತ್ತೊಂಬತ್ತು ಮದುವೆಗೆ ಹೋದ. ಅದರಲ್ಲಿ ಹದಿಮೂರು ಅವನು ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ ಸುತ್ತಿದ ಊರುಗಳವು. ಕನಕಪ್ಪ ಟ್ರ್ಯಾಕ್ಟರಿಗೆ ಬೇರೆಯವರನ್ನು ನೋಡಿಕೊಳ್ಳಬೇಕಾಯಿತು.

ಮೇ ತಿಂಗಳಲ್ಲಿ ಅರಕೇರಾದ ಮದುವೆಗೆ ಅನ್ವರಿ ಬೇಗಂಳನ್ನೂ ಕರೆದುಕೊಂಡು ಹೋದ. ಮದುಮಗನನ್ನು ಇಳಿಸಿ ಹಂದರದ ಕಡೆ ಬಂದರೆ, ಅವನು ಎಂದೂ ನೋಡಿರದ ಒಬ್ಬ ಮುದುಕಿ ದಾರಿಗೆ ಅಡ್ಡ ನಿಂತು ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದಳು.

"ನೀನ ಅಲ್ಲೇನೋ ಯಪ್ಪಾ, ಕುರಿ ಹಿಂದ ತಿರುಗಿದಾಂವ?"

"ನಾನ ಬೇ ಯವ್ವಾ."

"ಬಾ, ಮೊದಲ ಉಣ್ಣು. ಈಕಿ ನಿನ್ನ ಹೇಣ್ತಿಯೇನು? ನೀನೂ ಕೂಡವ್ವ."

ಎಲೆ ಹಾಕಿದರು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಪಂಕ್ತಿಯಲ್ಲಿ ಕೂತವರು ಅವನ ಕಡೆ ತಿರುಗಿಕೊಂಡರು. ಅನ್ವರಿ ಬೇಗಂ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಹೇಳ್ರಿ ಇನ್ನ" ಎಂದಳು. ಜಹೀರುದ್ದೀನ್ ಒಂದು ತುತ್ತು ನುಂಗಿ, ಪೋತ್ನಾಳದ ಬಿರಿಯಾನಿಯಿಂದ ಶುರುಮಾಡಿದ.